ಅರ್ಧ ಬ್ಯಾಟರೀಲಿ ಹತ್ತದ ದೀಪ

ನವೆಂಬರ್ 18, ಮಂಗಳವಾರ

ಅಲ್ಲ, ಆದ್ರೆ ಬೆಳಗ್ಗೆ ಹತ್ತಿತ್ತಲ್ಲ! ಅದೇ ನನ್ನ ತಲೆ ತಿಂತಿರೋದು. ಬೆಳಗ್ಗೆ ಮೇಜಿನ ಮೇಲಿಟ್ಟು ಎಷ್ಟು ಸಲ ಒತ್ತಿದ್ರೂ ಪಟ್ ಅಂತ ಹತ್ತಿಕೊಳ್ತು. ಸಂಜೆ ಅಣ್ಣ ಬಂದವನು ಶೂ ಬಿಚ್ತಾ, "ಮೈತ್ರಿ, ನಿನ್ನ ದೀಪ ಇವತ್ತು ಒಂದ್ಸಲ ಮುನಿಸಿಕೊಂಡಿತ್ತು ಕಣೇ" ಅಂದ. ನಗ್ತಾನೇ ಅಂದ.

"ಮುನಿಸಿಕೊಂಡಿತ್ತು ಅಂದ್ರೆ?"

"ಒತ್ತಿದೆ, ಹತ್ತಲಿಲ್ಲ. ಬಿಡು, ನಾನೇ ಸರಿಯಾಗಿ ಒತ್ತಿಲ್ವೇನೋ. ತಿಂಡಿ ಏನಿದೆ?"

ನಾನು ತಿಂಡಿ ಕೊಟ್ಟೆ. 

ನರಹರಿ ಸರ್ ನಮ್ಮ ಎಲೆಕ್ಟ್ರಾನಿಕ್ಸ್ ಗ್ರೂಪಲ್ಲಿ ಯಾವಾಗ್ಲೂ ಹೇಳ್ತಾರೆ, ಸರ್ಕ್ಯೂಟ್ ಕೈ ಕೊಟ್ರೆ ಮೊದಲು ಎಲ್ಲಾ ಬರೆದಿಡು, ಏನೂ ಗೊತ್ತಿಲ್ಲದ ಹೊಸಬರಿಗೆ ಹೇಳೋ ಹಾಗೆ ಬರಿ, ಅರ್ಧ ತಪ್ಪು ಅಲ್ಲೇ ಸಿಗುತ್ತೆ ಅಂತ. ಸರಿ, ಬರೀತೀನಿ.

ಹೊಸಬರೇ, ನಮ್ಮಣ್ಣ ಋಷಿಕೇಶ್. ಇಲ್ಲಿ ಕೋಲ್ಕತಾದಲ್ಲಿ ಹಳೇ ನದಿ ನಕ್ಷೆಗಳ ಮೇಲೆ ಪಿಎಚ್‌ಡಿ ಮಾಡ್ತಿದ್ದಾನೆ. ಅವನಿಗೆ ಇರುಳುಗಣ್ಣು. ಹಗಲಲ್ಲಿ ಪೇಪರ್ ಓದ್ತಾನೆ, ನನ್ನ ಮೊಡವೆ ಎಣಿಸಿ ರೇಗಿಸ್ತಾನೆ. ಬೆಳಕು ಇಳೀತು ಅಂದ್ರೆ ಏನೂ ಇಲ್ಲ, ಮುಂದಿರೋ ಗೋಡೇನೂ ಇಲ್ಲ. ಮೊಬೈಲ್ ಟಾರ್ಚ್ ಅವನಿಗೆ ಮಿಣುಕುಹುಳ ಇದ್ದಂಗೆ. ವರ್ಷ ವರ್ಷ ಇನ್ನೂ ಹೆಚ್ಚಾಗುತ್ತೆ ಅಂತ ಡಾಕ್ಟರು ಹೇಳಿದ್ದಾರೆ. ನನ್ನ ಕಣ್ಣೂ ನೋಡಿದ್ರು. ನನ್ನದು ಸರಿ ಇದೆಯಂತೆ. ಅವತ್ತು ಆಟೋದಲ್ಲಿ ಅಣ್ಣ ನನ್ನ ತಲೆ ಮೇಲೆ ಮೊಟಕಿ "ಪಾರಾದೆ ಬಿಡು" ಅಂದ. ನನಗೆ ಖುಷಿ ಪಡೋಕೂ ಬರಲಿಲ್ಲ.

ಈ ವಿಷಯ ಅವನ ಗೈಡಿಗೆ ಗೊತ್ತಿಲ್ಲ, ಫ್ರೆಂಡ್ಸಿಗೆ ಗೊತ್ತಿಲ್ಲ. ಯಾರಿಗೂ ಹೇಳಕೂಡದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ದಾನೆ.

ತಿಪಟೂರಲ್ಲಾಗಿದ್ರೆ ಹೆಂಗೋ ಆರು ಗಂಟೆವರೆಗೆ ಬೆಳಕಿರ್ತಿತ್ತು. ಈ ಊರಲ್ಲಿ ನವೆಂಬರ್ ಬಂದ್ರೆ ಐದಕ್ಕೆ ಮುಂಚೆನೇ ಸೂರ್ಯ ಮುಳುಗಿಬಿಡ್ತಾನೆ. ಅಣ್ಣ ಲೋಕಲ್ ಟ್ರೈನಲ್ಲಿ ಬಾಲಿಗಂಜಿಗೆ ಬಂದು, ಕಸ್ಬಾ ಕಡೆ ಮೆಟ್ಟಿಲಿಳಿದು, ಹಳಿ ಪಕ್ಕದ ಓಣೀಲಿ ನಡ್ಕೊಂಡು ಮನೆಗೆ ಬರಬೇಕು. ಅದಕ್ಕೇ ನಾನು ದೀಪ ಮಾಡಿದ್ದು.

ನಾನು ಓದ್ತಿರೋದು ಬಾಟನಿ. ಎಲೆಕ್ಟ್ರಾನಿಕ್ಸ್ ಪೂರ್ತಿ ಕಲಿತಿದ್ದು 'ಸರ್ಕ್ಯೂಟ್ ಕಟ್ಟೆ' ಗ್ರೂಪಲ್ಲೇ. ಅದರ ಅಡ್ಮಿನ್ ನರಹರಿ ಸರ್. ಬೆಸುಗೆ ಹಾಕೋದನ್ನ ವಾಯ್ಸ್ ಮೆಸೇಜಲ್ಲೇ ಕಲಿಸಿದ ದೇವರು. ಈ ದೀಪದ ಡ್ರೈವರ್, ಅಂದ್ರೆ ಎಲ್‌ಇಡಿಗೆ ಕರೆಂಟ್ ಕೊಡೋ ಸರ್ಕ್ಯೂಟು, ಅವರದ್ದೇ ಡಿಸೈನ್, v3, ಮೂರನೇ ವರ್ಷನ್. ಬ್ಯಾಟರಿ ಒಂದೇ, ನಾಲ್ಕು ವೋಲ್ಟಿನ ಹತ್ರ. ಎಲ್‌ಇಡಿ ಆರು, ಒಂದರ ಹಿಂದೊಂದು, ಅವಕ್ಕೆ ಹದಿನೆಂಟು ಬೇಕು. ನಡುವೆ ಇರೋ ಬೂಸ್ಟ್ ಕನ್ವರ್ಟರ್ ಅದನ್ನ ಮೇಲೆತ್ತುತ್ತೆ, ಸಂಪಿನ ನೀರನ್ನ ಮೇಲಿನ ಟ್ಯಾಂಕಿಗೆ ಎತ್ತೋ ಮೋಟಾರ್ ಥರ. ದೀಪ ಹತ್ತಿದ ವಿಡಿಯೋ ಹಾಕಿದಾಗ ಸರ್ ಸ್ವತಃ "ಭೇಷ್ ಪುಟ್ಟಿ" ಅಂತ ಬರೆದ್ರು. ಅದರ ಸ್ಕ್ರೀನ್‌ಶಾಟೇ ನನ್ನ ವಾಲ್‌ಪೇಪರ್.

ಬರೆದಾಯ್ತು. ತಪ್ಪು ಎಲ್ಲೂ ಸಿಗಲಿಲ್ಲ.

ನವೆಂಬರ್ 19, ಬುಧವಾರ

ಕಾಲೇಜಿಗೆ ಚಕ್ಕರ್, ಅಣ್ಣನೂ ಇವತ್ತು ಮನೇಲೇ ಓದ್ತಿದ್ದ. ಫುಲ್ ಚಾರ್ಜ್ ಮಾಡಿ ಹತ್ತಿಸಿಟ್ಟೆ, ಮಧ್ಯಾಹ್ನ ದಾಟಿದ್ರೂ ಉರೀತಾನೇ ಇತ್ತು. ಬೆಸುಗೆ ಎಲ್ಲಾ ಭೂತಗನ್ನಡಿ ಇಟ್ಟು ನೋಡಿದೆ. ಸ್ವಿಚ್ ಬದಲಾಯಿಸಿದೆ. ಏನೂ ತೊಂದರೆ ಇಲ್ಲ.

ಗ್ರೂಪಲ್ಲಿ ಕೇಳೋಣ ಅಂತ ಟೈಪ್ ಮಾಡಿದೆ, "v3 ಕೆಲವೊಮ್ಮೆ ಸ್ಟಾರ್ಟ್ ಆಗ್ತಿಲ್ಲ, ಯಾರಿಗಾದ್ರೂ..." ಅಂತ. ಅಳಿಸಿಬಿಟ್ಟೆ. ಹೋದ ತಿಂಗಳು ಯಾರೋ ಇದನ್ನೇ ಕೇಳಿದ್ದಕ್ಕೆ ಹುಬ್ಬಳ್ಳಿ ರಂಜಿತ್ "ಮೊದ್ಲ ಸ್ವಿಚ್ ಒತ್ತಾಕ ಕಲೀರಿ, ಆಮ್ಯಾಲೆ ಕನ್ವರ್ಟರ್ ಕಟ್ಟೀರಂತ" ಅಂದಿದ್ರು. ಎಲ್ಲರೂ ನಗೋ ಇಮೋಜಿ ಹಾಕಿದ್ರು. ನಾನೂ ಹಾಕಿದ್ದೆ. ಆ ಹುಡುಗ ಆಮೇಲೆ ಗ್ರೂಪಲ್ಲೇ ಇಲ್ಲ.

ನಮ್ಮ ಗ್ರೂಪಿಂದ ನನ್ನ ತೆಗೆದುಹಾಕಿದ್ರೆ ನನಗೆ ಇನ್ಯಾರಿದ್ದಾರೆ ಈ ಊರಲ್ಲಿ?

ನವೆಂಬರ್ 21, ಶುಕ್ರವಾರ

ಅಣ್ಣ ಬಂದ. ಬಲಗಾಲು ಮಂಡಿವರೆಗೂ ಚರಂಡಿ ನೀರು. ಮಂಡಿ ಕೆಳಗೆ ಚರ್ಮ ಕಿತ್ತು ಬಂದಿದೆ.

"ಜಾರಿದೆ."

"ಎಲ್ಲಿ?"

"ಓಣೀಲಿ. ಡೆಟಾಲ್ ತಾ, ಕೂಗಾಡಬೇಡ."

ಆ ಚರಂಡಿಯಿಂದ ಎರಡು ಹೆಜ್ಜೆ ಆಚೆ ಹಳಿ.

ಅವನು ಬಚ್ಚಲಿಗೆ ಹೋದಾಗ ದೀಪ ತಗೊಂಡು ಒತ್ತಿದೆ. ಮೊದಲನೇ ಒತ್ತಿಗೇ ಹತ್ತಿತು. ನನ್ನನ್ನ ನೋಡಿ ನಕ್ಕಂಗಿತ್ತು. ಎಸೆದುಬಿಡಬೇಕು ಅನ್ನಿಸ್ತು.

ನವೆಂಬರ್ 22, ಶನಿವಾರ

ಅಮ್ಮ ಫೋನಲ್ಲಿ: "ಅವನ ಕಾಲಿಗೇನೇ ಆಯ್ತು? ವಿಡಿಯೋ ಕಾಲಲ್ಲಿ ಕುಂಟ್ತಿದ್ದ."

"ಫುಟ್‌ಬಾಲ್ ಅಮ್ಮ."

"ಅವನು ಫುಟ್‌ಬಾಲ್ ಆಡ್ತಾನಾ?"

"ಈ ಊರಲ್ಲಿ ಎಲ್ಲರೂ ಆಡ್ತಾರೆ."

ಈಗ ಸಂಜೆ ಆದ್ರೆ ಸಾಕು ಭಯ. ಅಣ್ಣ ಬರೋವರೆಗೂ ಬಾಲ್ಕನೀಲಿ ನಿಂತಿರ್ತೀನಿ. ಟ್ರೈನಿನ ಹಾರ್ನ್ ಒಂದು ಸ್ವಲ್ಪ ಜಾಸ್ತಿ ಹೊತ್ತು ಕೂಗಿದ್ರೆ ಕಂಬಿ ಮೇಲೆ ಬಗ್ಗಿ ಓಣಿ ನೋಡ್ತೀನಿ.

ಸರ್ ಇವತ್ತು ಗ್ರೂಪಲ್ಲಿ ದೊಡ್ಡ ಮೆಸೇಜ್ ಹಾಕಿದ್ದಾರೆ. ನಾನು ವಿಡಿಯೋ ಹಾಕಿದಾಗ "ನನಗೆ ಗೊತ್ತಿರೋ ಒಬ್ಬರಿಗೆ ಇರುಳುಗಣ್ಣು, ಅವರಿಗೋಸ್ಕರ ಮಾಡಿದ್ದು" ಅಂತ ಬರೆದಿದ್ದೆನಲ್ಲ, ಅದು ಅವರ ಮನಸ್ಸಿಗೆ ತಟ್ಟಿತಂತೆ. ಗ್ರೂಪಿನವರೆಲ್ಲ ಸೇರಿ v3 ದೀಪ ಕಟ್ಟಿ, ಡಿಸೆಂಬರ್ ಏಳಕ್ಕೆ ಒಂದು ಹಾಸ್ಟೆಲ್ಲಿನ ಇರುಳುಗಣ್ಣಿನ ಮಕ್ಕಳಿಗೆ ಹಂಚೋದಂತೆ. "ಐಡಿಯಾ ನಮ್ಮ ಮೈತ್ರಿ ಪುಟ್ಟಿದು" ಅಂತ ಹೆಸರು ಬೇರೆ. ಸಾಲಾಗಿ ಬೆಂಕಿ ಇಮೋಜಿ, ಚಪ್ಪಾಳೆ.

ಹೋದ ವಾರ ಆಗಿದ್ರೆ ಕುಣಿದಾಡ್ತಿದ್ದೆ.

ನವೆಂಬರ್ 24, ಸೋಮವಾರ

ಇವತ್ತು ಕಣ್ಣಾರೆ ನೋಡಿದೆ.

ಅಣ್ಣನ ಟ್ರೈನಿಗೆ ಮುಂಚೆನೇ ಬಾಲಿಗಂಜ್ ಸ್ಟೇಷನ್ನಿಗೆ ಹೋಗಿ ಚಹಾ ಅಂಗಡಿ ಹಿಂದೆ ನಿಂತೆ. ಅಣ್ಣ ಇಳಿದ. ದೀಪ ಉರೀತಿತ್ತು, ಕಂಪಾರ್ಟ್‌ಮೆಂಟಲ್ಲಿ ಲೈಟ್ ಕಮ್ಮಿ ಇತ್ತೇನೋ. ಪ್ಲಾಟ್‌ಫಾರ್ಮಿನ ಟ್ಯೂಬ್‌ಲೈಟ್ ಕೆಳಗೆ ಬಂದಿದ್ದೇ ತಡ, ಅಕ್ಕಪಕ್ಕ ನೋಡಿ ಆಫ್ ಮಾಡಿ ಜೇಬಿಗಿಟ್ಟ. ತಲೆ ಎತ್ತಿ, ಎಲ್ಲರ ಥರ ನಡೆದ. ಅವನು ಹಾಗೆ ನಡೆಯೋದು ನೋಡಿದ್ರೆ ಯಾರಿಗೂ ಗೊತ್ತಾಗಲ್ಲ. ಅದಕ್ಕೇ ಆಫ್ ಮಾಡೋದು. ಬೆಳಕಲ್ಲಿ ಟಾರ್ಚ್ ಹಿಡಿದವನನ್ನ ಜನ ನೋಡ್ತಾರಲ್ಲ.

ಕಸ್ಬಾ ಕಡೆ ಮೆಟ್ಟಿಲಿನ ಹತ್ರ ಲೈಟ್ ಕೆಟ್ಟಿದೆ. ಅಲ್ಲಿ ಬಂದು ಜೇಬಿಂದ ತೆಗೆದು ಒತ್ತಿದ. ಇಲ್ಲ. ಮತ್ತೆ ಒತ್ತಿದ. ಇಲ್ಲ. ಹಾಗೇ ನಿಂತುಬಿಟ್ಟ. ಒಂದು ಕೈ ಗೋಡೆಗೆ. ಹಿಂದಿಂದ ಜನ ನುಗ್ತಿದ್ರು. "ದಾದಾ, ಎಗೋನ್ ನಾ!" ಅಂತ ಒಬ್ಬ ಬೈದ, ಮುಂದೆ ಹೋಗ್ರೀ ಅಂತ. ಅಣ್ಣ "ಹ್ಯಾಂ ಹ್ಯಾಂ" ಅಂತ ನಗ್ತಾ ಶೂ ಲೇಸ್ ಕಟ್ಟೋ ಥರ ಬಗ್ಗಿದ. ಲೇಸ್ ಬಿಚ್ಚಿರಲಿಲ್ಲ.

ಕೂಗಬೇಕು ಅಂತ ಬಾಯಿ ತೆರೆದೆ. ಕೂಗಿದ್ರೆ ನಾನು ನೋಡಿದ್ದು ಅವನಿಗೆ ಗೊತ್ತಾಗುತ್ತೆ. ಬಾಯಿ ಮುಚ್ಕೊಂಡೆ.

ಆಮೇಲೆ ಒಬ್ಬ ಹೆಂಗಸು ಮೊಬೈಲ್ ಟಾರ್ಚ್ ಹಾಕ್ಕೊಂಡು ಇಳಿದ್ರು. ಅಣ್ಣ ಆ ಬೆಳಕಿನ ಹಿಂದೇನೇ ಇಳಿದ. ಕೆಳಗೆ ಅವರು ಬಲಕ್ಕೆ ತಿರುಗಿದ್ರು. ಇನ್ನೊಬ್ಬ ಸೈಕಲ್ಲಿನವನು ಬರೋವರೆಗೂ ಮತ್ತೆ ನಿಂತ. ಹೀಗೇ ಅವರಿವರ ಬೆಳಕಿನ ಬಾಲ ಹಿಡ್ಕೊಂಡು ಓಣಿ ದಾಟಿದ. ನಾನು ಹಿಂದೇನೇ, ಹತ್ತು ಮಾರು ದೂರದಲ್ಲಿ. ಹಳಿ ಮೇಲೆ ಟ್ರೈನ್ ಹೋದಾಗ ಅವನು ಎರಡೂ ಕೈಯಲ್ಲಿ ಕಂಬ ತಬ್ಬಿಕೊಂಡ.

ಸಂದಿಯಿಂದ ಓಡಿ ನಾನೇ ಮೊದಲು ಮನೆ ಸೇರಿದೆ.

"ಇವತ್ತು ದೀಪ ಹೆಂಗಿತ್ತು ಅಣ್ಣ?"

"ಸೂಪರ್" ಅಂದ.

ನವೆಂಬರ್ 25, ಮಂಗಳವಾರ

ಸಿಕ್ತು.

ನಾವೆಲ್ಲ, ಇಡೀ ಗ್ರೂಪು, ಫುಲ್ ಚಾರ್ಜ್ ಮಾಡಿ ಒಂದು ಸಲ ಹತ್ತಿಸಿ ಎಷ್ಟು ಹೊತ್ತು ಉರಿಯುತ್ತೆ ಅಂತ ನೋಡ್ತೀವಿ. ಆರಿಸಿ ಮತ್ತೆ ಹತ್ತಿಸಿ ಯಾರೂ ನೋಡಿಲ್ಲ. ಅಣ್ಣ ದಿನಾ ಚಾರ್ಜಿಗೂ ಹಾಕಲ್ಲ, ನಾನು ಇವತ್ತು ಅವನ ಥರ ಮಾಡಿದೆ. ಬ್ಯಾಟರಿ ಅರ್ಧ ಇಳಿಯೋವರೆಗೂ ಉರಿಸಿ, ಆಫ್ ಮಾಡಿ, ತಕ್ಷಣ ಒತ್ತಿದೆ.

ಟಿಕ್. ಟಿಕ್. ಟಿಕ್. ಸದ್ದಿಲ್ಲದ ಕಡೆ, ಹತ್ರ ಇಟ್ಕೊಂಡ್ರೆ ಮಾತ್ರ ಕೇಳುತ್ತೆ. ದೀಪ ಇಲ್ಲ.

ಮೀಟರಲ್ಲಿ ಏನೂ ಹಿಡಿಯೋಕಾಗಲಿಲ್ಲ, ಅಷ್ಟು ಬೇಗ ಮುಗಿದುಹೋಗುತ್ತೆ. ಫೋನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದೆ. ಎಲ್‌ಇಡಿ ಮಸುಕಾಗಿ ಕಣ್ಣು ಬಿಡುತ್ತೆ, ಸಾಯುತ್ತೆ. ಮತ್ತೆ ಬಿಡುತ್ತೆ, ಮತ್ತೆ ಸಾಯುತ್ತೆ. ಕನ್ವರ್ಟರ್ ಒಳಗಿರೋ ಚಿಪ್ಪು ಎದ್ದ ತಕ್ಷಣ ಒಂದೇ ಗುಟುಕಿಗೆ ಕರೆಂಟ್ ಎಳೆಯುತ್ತೆ. ದಣಿದಿರೋ ಬ್ಯಾಟರಿ ಆ ಎಳೆತಕ್ಕೆ ಕುಸಿಯುತ್ತೆ. ವೋಲ್ಟೇಜ್ ಸಾಲದು ಅಂತ ಚಿಪ್ಪು ಮಲಗಿಬಿಡುತ್ತೆ. ಮಲಗಿದ್ರೆ ಬ್ಯಾಟರಿ ಚೇತರಿಸಿಕೊಳ್ಳುತ್ತೆ, ಚಿಪ್ಪು ಮತ್ತೆ ಏಳುತ್ತೆ, ಮತ್ತೆ ಗುಟುಕು. ಒಂದು ಸಲ ಹತ್ತಿಬಿಟ್ರೆ ಕೊನೆವರೆಗೂ ಉರಿಯುತ್ತೆ, ಉರಿಯೋಕೆ ಅಷ್ಟು ಬೇಡ. ಹತ್ತೋಕೇ ಬೇಕಿರೋದು. ಅಣ್ಣ ಮನೆಗೆ ಬರೋಷ್ಟರಲ್ಲಿ ಬ್ಯಾಟರಿ ಸುಧಾರಿಸಿಕೊಂಡಿರುತ್ತೆ. ಅದಕ್ಕೇ ನನ್ನ ಕೈಯಲ್ಲಿ ಯಾವಾಗ್ಲೂ ಹತ್ತೋದು.

ಸಿಕ್ಕಿದ್ದಕ್ಕೆ ಖುಷಿ ಆಗಬೇಕಿತ್ತು. ಹಾಸ್ಟೆಲ್ ಮಕ್ಕಳು ನೆನಪಾದ್ರು. ಸರ್‌ಗೆ ಪರ್ಸನಲ್ಲಾಗಿ ವಿಡಿಯೋ ಕಳಿಸಿದೆ. ಅವರಿಗೆ ಗೊತ್ತಾದ್ರೆ ಸಾಕು, ಸರಿ ಮಾಡ್ತಾರೆ. ಅವರು ನರಹರಿ ಸರ್.

ನವೆಂಬರ್ 26, ಬುಧವಾರ

ಸರ್ ವಾಯ್ಸ್ ಮೆಸೇಜ್. ಎಷ್ಟು ಸಲ ಕೇಳಿದೆನೋ.

"ಪುಟ್ಟಿ, ನೋಡಿದೆ. ಅದು ಬ್ಯಾಟರಿ ಪ್ರಾಬ್ಲಮ್ ಮಗು, ಸರ್ಕ್ಯೂಟ್ ಪ್ರಾಬ್ಲಮ್ ಅಲ್ಲ. ಒಳ್ಳೆ ಬ್ಯಾಟರಿ ಹಾಕು. ಬೋರ್ಡುಗಳೆಲ್ಲ ಪ್ರಿಂಟಾಗಿ ಬಂದಿವೆ, ಜನ ಮನೆ ಮನೇಲಿ ಕೂತು ಕಟ್ತಿದ್ದಾರೆ. ಈಗ ಇದನ್ನ ಗ್ರೂಪಲ್ಲಿ ಹಾಕಿ ಎಲ್ಲರನ್ನ ಹೆದರಿಸಬೇಡ, ಆಯ್ತಾ? ಊಟ ಆಯ್ತಾ ನಿಂದು?"

ದನಿ ಎಷ್ಟು ಮೆತ್ತಗಿತ್ತು ಅಂದ್ರೆ, "ಆಯ್ತು ಸರ್" ಅಂತ ಬರೆದುಬಿಟ್ಟೆ. ಹೊಸ ಬ್ಯಾಟರಿ ತಂದೆ, ಚಾಂದನಿ ಮಾರ್ಕೆಟ್ಟಿಂದ, ಒಳ್ಳೇದೇ. ಅರ್ಧಕ್ಕೆ ಇಳಿಸಿದೆ, ಆಫ್ ಮಾಡಿ ಒತ್ತಿದೆ. ಹತ್ತಿತು. ಇನ್ನೂ ಸ್ವಲ್ಪ ಇಳಿಸಿ ಒತ್ತಿದೆ.

ಟಿಕ್. ಟಿಕ್.

ನವೆಂಬರ್ 28, ಶುಕ್ರವಾರ

ಗ್ರೂಪಲ್ಲಿ ಹಾಕಿಬಿಟ್ಟೆ. ವಿಡಿಯೋ, ಎರಡು ಬ್ಯಾಟರಿ, ಎಲ್ಲಾ. ಕಳಿಸೋ ಬಟನ್ ಒತ್ತಿ ಫೋನ್ ದಿಂಬಿನ ಕೆಳಗೆ ತುರುಕಿದೆ.

ತೆಗೆದು ನೋಡಿದಾಗ ಮೆಸೇಜೇ ಇಲ್ಲ. "ಅಡ್ಮಿನ್ ಅಳಿಸಿದ್ದಾರೆ" ಅಂತ ಬೂದು ಅಕ್ಷರ. ಕೆಳಗೆ ಸರ್: "ಆನ್ ಮಾಡಿದ ಲ್ಯಾಂಪನ್ನ ಮನೆ ಸೇರೋ ಮುಂಚೆ ಆಫ್ ಯಾಕೆ ಮಾಡ್ಬೇಕು? ಕಣ್ಣು ಕಾಣದವರು ದಾರಿ ಮಧ್ಯೆ ದೀಪ ಆರಿಸ್ತಾರಾ? ಪ್ರಾಕ್ಟಿಕಲ್ಲಾಗಿ ಯೋಚನೆ ಮಾಡಿ." ಕೆಳಗೆ ಸಾಲಾಗಿ ಹೆಬ್ಬೆಟ್ಟು.

ಉತ್ತರ ನನಗೆ ಗೊತ್ತು. ಬಾಲಿಗಂಜ್ ಸ್ಟೇಷನ್ನಲ್ಲಿ ನೋಡಿದ್ದೀನಿ. ಹೇಳೋಕಾಗಲ್ಲ. ಆಣೆ.

ಅಷ್ಟರಲ್ಲಿ ರಂಜಿತ್ ಇನ್‌ಬಾಕ್ಸಿಗೆ ಬಂದ್ರು. ಬೈಯೋಕೆ ಅಂದ್ಕೊಂಡು ತೆರೆಯೋಕೇ ಹೆದರಿದೆ.

"ಮೈತ್ರಿಯವರ, ನಂದೂ ಹಂಗ ಆಗ್ತದ. ಟಿಕ್ ಟಿಕ್ ಅಂತದ."

"ಮತ್ತೆ ಗ್ರೂಪಲ್ಲಿ ಯಾಕ್ ಹೇಳ್ಲಿಲ್ಲ? ಆ ಹುಡುಗನ್ನ ಹಂಗೆ ಆಡ್ಕೊಂಡ್ರಲ್ಲ!"

"ಸರ್ ಎದುರಿಗೆ ಹೆಂಗ ಹೇಳೂದ್ರಿ? ಗ್ರೂಪಿನ್ಯಾಗ ಎಲ್ಲಾರೂ ಹೊಗಳ್ತಾರ. ಕೆಟ್ಟಿದ್ದು ಇನ್‌ಬಾಕ್ಸಿನ್ಯಾಗ ಹೇಳ್ಕೋತಾರ. ನಮ್ಮ ಗ್ರೂಪಿನ ಮರಿಯಪ್ಪಂದೂ ಹಂಗ ಆಗೇದ, ನೀವೇನ ಒಬ್ರಲ್ಲ. ಸಾಫ್ಟ್ ಸ್ಟಾರ್ಟ್, ಅಂದ್ರ ಚಿಪ್ಪನ್ನ ಸಾವಕಾಶ ಎಬ್ಬಸೂ ಪಿನ್ನಿನ ಕೆಪಾಸಿಟರ್ ದೊಡ್ಡದು ಹಾಕಿ ನೋಡ್ರಿ. ಸರ್ ಭಾಳ ಸಣ್ಣದು ಹಾಕ್ಯಾರ."

"ಯಾಕೆ?"

"ಪಟ್ ಅಂತ ಹತ್ತಬೇಕಲ್ರಿ. ವಿಡಿಯೋದಾಗ ಛಲೋ ಕಾಣ್ತದ."

ಡಿಸೆಂಬರ್ 1, ಸೋಮವಾರ

ಕೆಪಾಸಿಟರ್ ಬದಲಾಯಿಸಿದೆ. ಸಾಸಿವೆ ಕಾಳಷ್ಟಿದೆ, ಮೂರು ಸಲ ಚಿಮಟದಿಂದ ಹಾರಿಹೋಯ್ತು. ಈಗ ಚಿಪ್ಪು ಗುಟುಕು ಹಾಕಲ್ಲ, ಹೀರುತ್ತೆ. ದೀಪ ನಿಧಾನಕ್ಕೆ ಬೆಳಗುತ್ತೆ. ಬ್ಯಾಟರಿ ಮುಕ್ಕಾಲು ಖಾಲಿ ಆದ್ರೂ ಹತ್ತಿತು. ಮತ್ತೆ ಮತ್ತೆ ಮಾಡಿದೆ, ಆಫ್ ಆನ್, ಆಫ್ ಆನ್, ಹೆಬ್ಬೆರಳು ಊದಿಕೊಂಡಿದೆ.

ಅಣ್ಣ: "ಇದೇನೇ, ಸೋಮಾರಿ ದೀಪ. ಎದ್ದೇಳೋಕೆ ನಿನ್ನಷ್ಟೇ ಹೊತ್ತು ತಗೊಳ್ಳುತ್ತೆ."

"ಸೋಮಾರಿಯಾದ್ರೂ ಕೈ ಕೊಡಲ್ಲ."

"ಮುಂಚೆದು ಕೈ ಕೊಡ್ತಿತ್ತು ಅಂತ ಯಾರಂದ್ರು?" ಅಂದ. ನಾನು ದೀಪ ಚಾರ್ಜಿಗೆ ಹಾಕಿದೆ.

ಡಿಸೆಂಬರ್ 4, ಗುರುವಾರ

ಅಣ್ಣ ದಿನಾ ಸರಿಯಾಗಿ ಬರ್ತಿದ್ದಾನೆ. ಆದ್ರೂ ಭಯ ಹೋಗಿಲ್ಲ, ಅದು ಜಾಗ ಬದಲಾಯಿಸಿದೆ. ನಾನು ನೋಡಿಲ್ಲದ ಯಾವುದೋ ಹಾಸ್ಟೆಲ್, ಯಾವುದೋ ಕತ್ತಲೆ, ಅಲ್ಲೊಂದು ಹುಡುಗಿ ಗೋಡೆಗೆ ಕೈ ಇಟ್ಟು ನಿಂತಿರ್ತಾಳೆ. ಐಡಿಯಾ ನಮ್ಮ ಮೈತ್ರಿ ಪುಟ್ಟಿದು.

ಸರ್‌ಗೆ ಮತ್ತೆ ಬರೆದೆ. ಒಂದೇ ಒಂದು ಕೆಪಾಸಿಟರ್ ಸರ್, ಇನ್ನೂ ಟೈಮಿದೆ ಅಂತ. ಓದಿದ್ದಾರೆ. ಉತ್ತರ ಇಲ್ಲ.

ಊಟ ಮಾಡ್ತಾ ಅಣ್ಣಂಗೆ ಗ್ರೂಪಿಂದು, ಹಾಸ್ಟೆಲ್ ಮಕ್ಕಳದ್ದು ಎಲ್ಲಾ ಹೇಳಿಬಿಟ್ಟೆ.

"ಅಣ್ಣ, ಬೆಳಕಿರೋ ಕಡೆ ದೀಪ ಯಾಕೆ ಆರಿಸ್ತಾರೆ ಅಂತ ಅವರು ಕೇಳ್ತಿದ್ದಾರೆ. ನಾನೇನು ಹೇಳ್ಲಿ?"

ಅವನ ಕೈ ತಟ್ಟೆ ಮೇಲೇ ನಿಂತಿತು. "ಯಾವತ್ತು ಬಂದಿದ್ದೆ ಸ್ಟೇಷನ್ನಿಗೆ?"

"ಸೋಮವಾರ. ಹೋದ ಸೋಮವಾರ ಅಲ್ಲ, ಅದರ ಹಿಂದಿಂದು."

"ಲೇಸ್ ಕಟ್ಟಿದ್ದು ನೋಡಿದ್ಯಾ?"

"ಹ್ಞೂಂ."

"ಚೆನ್ನಾಗಿ ಆಕ್ಟ್ ಮಾಡಿದ್ನಾ?"

ನಾನು ಅವನ ಲೋಟಕ್ಕೆ ನೀರು ಬಗ್ಗಿಸಿದೆ. ಅವನು ಅರ್ಧ ತಟ್ಟೆ ಅನ್ನ ಹಾಗೇ ಬಿಟ್ಟ. ಆಮೇಲೆ "ನನ್ನ ಹೆಸರು ತೆಗೆದ್ರೆ ನೋಡು" ಅಂತ ಎದ್ದುಹೋದ. ಬಾಗಿಲು ಹಾಕ್ಕೊಂಡ.

ಸರಿ. ತೆಗೆಯಲ್ಲ.

ಡಿಸೆಂಬರ್ 5, ಶುಕ್ರವಾರ

ಮನೇಲಿ ಮಾತಿಲ್ಲ.

ಡಿಸೆಂಬರ್ 6, ಶನಿವಾರ

ನಾಳೆ ಹಂಚ್ತಾರೆ.

ಸಂಜೆ, ಇನ್ನೂ ಕೆಂಪು ಇತ್ತು ಆಕಾಶ, ಅಣ್ಣ ನನ್ನ ರೂಮಿನ ಬಾಗಿಲಲ್ಲಿ ನಿಂತು, "ಹಳೇ ಬೋರ್ಡ್ ಇನ್ನೂ ಇಟ್ಟಿದ್ದೀಯಾ?" ಅಂದ.

ಅಂಥದ್ದೇ ಇನ್ನೊಂದು ದೀಪ ಕಟ್ಟಿಟ್ಟಿದ್ದೆ, ಸರ್ ಡಿಸೈನ್ ಹೇಗಿತ್ತೋ ಹಾಗೇ ಇದೆ.

"ಬ್ಯಾಟರಿ ಅರ್ಧ ಮಾಡು. ಫೋನ್ ತಗೋ. ಟೆರೇಸ್ ಮೆಟ್ಟಿಲಿಗೆ ಬಾ."

"ಅಣ್ಣ, ಬೇಡ. ನೀನು ಹೇಳಬೇಕಾಗಿಲ್ಲ."

"ನಿನ್ನೆ ಎಲ್ಲಾ ಯೋಚನೆ ಮಾಡಿದೆ ಕಣೇ. ಆ ಮಕ್ಕಳಲ್ಲೂ ಒಬ್ಬ ಲೇಸ್ ಕಟ್ತಾನೆ. ನಡಿ, ನನಗೆ ಧೈರ್ಯ ಇರೋವಾಗಲೇ."

ಟೆರೇಸಿಂದ ಇಳಿಯೋ ಮೆಟ್ಟಿಲಲ್ಲಿ ಕಿಟಕಿ ಇಲ್ಲ. ಮೇಲಿನ ಮೆಟ್ಟಿಲಲ್ಲಿ ಅಣ್ಣ ನಿಂತ. ನಾನು ಒಂದು ಕೈಯಲ್ಲಿ ಅವನ ಶರ್ಟು ಮುಷ್ಟಿ ಕಟ್ಟಿ ಹಿಡ್ಕೊಂಡೆ, ಇನ್ನೊಂದರಲ್ಲಿ ಫೋನ್. ಟೆರೇಸ್ ಬಾಗಿಲು ತೆರೆದೇ ಇತ್ತು, ಅಷ್ಟು ಬೆಳಕಲ್ಲಿ ಅವನ ಮುಖ ಕಾಣ್ತಿತ್ತು. ಬೆವರಿದ್ದ. ನಾನೂ.

"ನರಹರಿ ಸರ್, ನಮಸ್ಕಾರ. ನಾನು ಋಷಿಕೇಶ್, ಮೈತ್ರಿ ಅಣ್ಣ. ಇರುಳುಗಣ್ಣು ಅಂತ ಅವಳು ಬರೆದಿದ್ದು ನನ್ನ ಬಗ್ಗೆನೇ. ಇದು ನಿಮ್ಮ v3." ದೀಪ ಹತ್ತಿಸೇ ಇಟ್ಟಿದ್ದ, ಮೆಟ್ಟಿಲೆಲ್ಲ ಹಾಲು ಚೆಲ್ಲಿದಂಗಿತ್ತು. "ದಾರಿ ಮಧ್ಯೆ ಯಾಕೆ ಆರಿಸ್ತಾರೆ ಅಂತ ಕೇಳಿದ್ರಂತೆ. ನಾಚಿಕೆ ಸರ್. ಬೆಳಕಲ್ಲಿ ದೀಪ ಹಿಡ್ಕೊಂಡು ಓಡಾಡೋಕೆ ನಾಚಿಕೆ. ನನ್ನ ಕ್ಲಾಸ್‌ಮೇಟಿಗೂ ನಾನು ಇದನ್ನ ಹೇಳಿಲ್ಲ, ನಿಮ್ಮ ಗ್ರೂಪಿಗೆ ಹೇಳ್ತಿದ್ದೀನಿ. ಈಗ ಆರಿಸ್ತೀನಿ."

ಆರಿಸಿದ. ಕಾಲಲ್ಲಿ ಟೆರೇಸ್ ಬಾಗಿಲು ತಳ್ಳಿ ಮುಚ್ಚಿದ. ಫೋನ್ ಸ್ಕ್ರೀನ್ ಪೂರ್ತಿ ಕಪ್ಪು.

"ಈಗ ಒತ್ತುತ್ತಿದ್ದೀನಿ."

ಟಿಕ್. ಟಿಕ್. ಟಿಕ್.

ನನಗೂ ಏನೂ ಕಾಣ್ತಿರಲಿಲ್ಲ. ಅವನ ಶರ್ಟು ಮಾತ್ರ ಕೈಯಲ್ಲಿ, ಅವನ ಉಸಿರು.

ಈಗ ಗ್ರೂಪಿಗೆ ಕಳಿಸಿದ್ದೀನಿ, ಜೊತೆಗೆ ಯಾವ ಕೆಪಾಸಿಟರ್ ಬದಲಾಯಿಸಬೇಕು ಅಂತ ಒಂದು ಸಾಲು. ಅಳಿಸಿದ್ರೆ ಮತ್ತೆ ಕಳಿಸೋಕೆ ರಂಜಿತ್ ಹತ್ರಾನೂ ಒಂದು ಕಾಪಿ ಇದೆ. ಯಾರು ಏನು ಹಾಕ್ತಾರೋ ಇನ್ನೂ ನೋಡಿಲ್ಲ, ಅಣ್ಣಂಗೆ ಚಹಾ ಇಡಬೇಕು. ವಿಡಿಯೋದ ಕೊನೇಲಿ ಸ್ಕ್ರೀನ್ ಕಪ್ಪಾಗೇ ಇದೆ, ಅವನ ದನಿ ಮಾತ್ರ ಕೇಳುತ್ತೆ:

"ನನ್ನ ಮುಂದೆ ಮೆಟ್ಟಿಲಿದೆ, ಎಲ್ಲಿ ಅಂತ ಕಾಣ್ತಿಲ್ಲ. ಇದನ್ನ ನೋಡ್ತಿರೋರು ಯಾರಾದ್ರೂ ಒಬ್ಬರು ಹೇಳಿ, ನಾನೀಗ ಕಾಲು ಮುಂದಿಡ್ಲಾ?"